ಅಜ್ಜಿಯ ಕರಿಯ, ನನ್ನ ಗುಂಡ: ನಾಯಿಯ ತಟ್ಟೆಯ ಒಂದು ಚರಿತ್ರೆ

ಯುದ್ಧ, ರಾಜ್ಯ, ಶಾಸನ ಅಂತ ಮಾತಾಡೋ ನಮ್ಮ ಈ ಜಾಗದಲ್ಲಿ ಇವತ್ತಿನ ವಿಷಯ ಸ್ವಲ್ಪ ಚಿಕ್ಕದು. ಒಂದು ತುಂಡು ಕ್ಯಾರೆಟ್. ಅದನ್ನು ನಾಯಿಗೆ ಕೊಡಬಹುದಾ, ಕೊಟ್ಟರೆ ಹೇಗೆ ಕೊಡಬೇಕು, ಕೊಡೋ ಪದ್ಧತಿ ಎಲ್ಲಿಂದ ಬಂತು ಅನ್ನೋದು. ವಿಡಿಯೊದಲ್ಲಿ ಅವಸರದಲ್ಲಿ ಹೇಳಿ ಮುಗಿಸಿದ್ದನ್ನು ಇಲ್ಲಿ ಸ್ವಲ್ಪ ವಿವರವಾಗಿ ಬರೆದಿದ್ದೇನೆ.

ಇದರ ಹಿಂದೆ ಒಂದು ಪ್ರಸಂಗ ಇದೆ. ಪುಣೆಯ ನಮ್ಮ ಫ್ಲ್ಯಾಟಿನಲ್ಲಿ ಗುಂಡ ಅಂತ ಒಂದು ನಾಯಿ ಇದೆ. ಬೀದಿಯಿಂದ ತಂದ ಮರಿ, ಈಗ 14 ಕೆಜಿ. ಕಳೆದ ವರ್ಷ ಒಂದು ಶನಿವಾರ ಮನೆಗೆ ಊರಿನ ಗೆಳೆಯರು ಬಂದಿದ್ದರು. ಸಣ್ಣ ಈರುಳ್ಳಿ ಸಾಂಬಾರ್ ದೊಡ್ಡ ಪಾತ್ರೆಯಲ್ಲಿ ಮಾಡಿ, ಅರ್ಧ ಉಳಿಯಿತು. ಸೋಮವಾರದವರೆಗೂ ಗುಂಡನಿಗೆ ಅದೇ ಊಟ. ಅನ್ನಕ್ಕೆ ಕಲಸಿ ಹಾಕಿದೆ, ತಟ್ಟೆ ನೆಕ್ಕಿ ಇಟ್ಟ. ಬುಧವಾರ ಬೆಳಿಗ್ಗೆ ನಾನು ಲಾಗಿನ್ ಆಗಿ ಕೂತರೂ ಅವನು ಎದ್ದು ಬರಲಿಲ್ಲ. ಒಸಡು ನೋಡಿದರೆ ಸುಣ್ಣದ ಹಾಗೆ ಬಿಳಿ. ಮೂತ್ರ ಕಂದು ಬಣ್ಣ, ಕಾಫಿ ಡಿಕಾಕ್ಷನ್ ತರಹ. ಮೀಟಿಂಗ್ ಬಿಟ್ಟು ಪಶುವೈದ್ಯರ ಹತ್ತಿರ ಓಡಿದೆ. ರಕ್ತ ಪರೀಕ್ಷೆ ಮಾಡಿಸಿ ಅವರು ಕೇಳಿದ ಮೊದಲ ಪ್ರಶ್ನೆ, “ಈರುಳ್ಳಿ ಏನಾದ್ರೂ ತಿಂದಿತ್ತಾ?”

ಗುಂಡ ಉಳಿದ. ಚೇತರಿಸಿಕೊಳ್ಳೋಕೆ ಮೂರು ವಾರ ಬೇಕಾಯಿತು. ಮನೆಗೆ ಬಂದವನೇ ಹಾಸನದ ಕಡೆ ಇರುವ ನನ್ನ ಅಜ್ಜಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅಜ್ಜಿ ನಂಬಲಿಲ್ಲ. “ಅದ್ಯಾಕ್ ಮಗಾ, ನಾಯಿಗೂ ಪಥ್ಯನಾ? ನಮ್ ಕರಿಯ ಹನ್ನೆರಡು ವರ್ಷ ಬದುಕ್ತು. ಮುದ್ದೆ, ಸಾರು, ಏನ್ ಉಳಿದ್ರೂ ಅದಕ್ಕೇ. ಒಂದಿನ ಡಾಕ್ಟ್ರು ಅಂತ ಕಂಡಿಲ್ಲ.”

ನನಗೆ ಕಾಡಿದ್ದು ಈ ಮಾತು. ವೈದ್ಯರು ಹೇಳಿದ್ದೂ ಸುಳ್ಳಲ್ಲ, ಅಜ್ಜಿ ಹೇಳಿದ್ದೂ ಸುಳ್ಳಲ್ಲ. ಹಾಗಾದರೆ ಸಾವಿರಾರು ವರ್ಷದಿಂದ ಮನುಷ್ಯರ ಅಡುಗೆಮನೆಯ ಬಾಗಿಲಲ್ಲೇ ಬದುಕಿದ ಪ್ರಾಣಿಗೆ ನಮ್ಮ ಅಡುಗೆಯೇ ವಿಷ ಆಗೋದು ಹೇಗೆ?

ತೋಳಕ್ಕೆ ಎರಡು, ನಾಯಿಗೆ ಮೂವತ್ತು

ಮೊದಲು ಬಹಳ ಹಿಂದಕ್ಕೆ ಹೋಗೋಣ. ಜರ್ಮನಿಯ ಬಾನ್ ನಗರದ ಹತ್ತಿರ ಓಬರ್‌ಕಾಸೆಲ್ ಅನ್ನೋ ಜಾಗದಲ್ಲಿ ಒಬ್ಬ ಗಂಡಸು, ಒಬ್ಬ ಹೆಂಗಸಿನ ಜೊತೆ ಹೂಳಿದ ಒಂದು ನಾಯಿಮರಿಯ ಎಲುಬು ಸಿಕ್ಕಿದೆ. ಸುಮಾರು 14,000 ವರ್ಷ ಹಳೆಯದು. ಆ ಮರಿಗೆ ಡಿಸ್ಟೆಂಪರ್ ಕಾಯಿಲೆ ಬಂದಿತ್ತು ಅಂತ ಹಲ್ಲುಗಳನ್ನು ಪರೀಕ್ಷಿಸಿದವರು ಹೇಳುತ್ತಾರೆ. ಯಾರೋ ಆರೈಕೆ ಮಾಡದೆ ಅಷ್ಟು ದಿನ ಅದು ಬದುಕುವುದು ಕಷ್ಟವಿತ್ತು. ಅಂದರೆ ಮನುಷ್ಯ ಹೊಲ ಉಳುವುದಕ್ಕೂ ಮುಂಚೆ ನಾಯಿ ಸಾಕಿದ್ದ. ಆಗ ಇಬ್ಬರ ಊಟವೂ ಬೇಟೆಯಿಂದಲೇ.

ಆಮೇಲೆ ಬೇಸಾಯ ಬಂತು. ಮನುಷ್ಯನ ತಟ್ಟೆಗೆ ಗೋಧಿ, ಬಾರ್ಲಿ, ಅಕ್ಕಿ ಬಂತು. ನಾಯಿಯ ತಟ್ಟೆಗೂ ಅದೇ ಬಂತು. ಇದಕ್ಕೆ ಸಾಕ್ಷಿ ನಾಯಿಯ ದೇಹದೊಳಗೇ ಇದೆ. 2013ರ ಜನವರಿಯಲ್ಲಿ ಸ್ವೀಡನ್ನಿನ ಉಪ್ಸಲಾ ವಿಶ್ವವಿದ್ಯಾಲಯದ ಎರಿಕ್ ಆಕ್ಸೆಲ್ಸನ್ ಮತ್ತು ಸಂಗಡಿಗರು ‘ನೇಚರ್’ ಪತ್ರಿಕೆಯಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. 12 ತೋಳ, 14 ತಳಿಗಳ 60 ನಾಯಿಗಳ ವಂಶವಾಹಿಗಳನ್ನು ಹೋಲಿಸಿದ್ದರು. ಪಿಷ್ಟವನ್ನು ಜೀರ್ಣ ಮಾಡೋ ಅಮೈಲೇಸ್ ಅನ್ನೋ ಕಿಣ್ವ ಇದೆಯಲ್ಲ, ಅದನ್ನು ತಯಾರಿಸೋ ವಂಶವಾಹಿ ತೋಳದಲ್ಲಿ ಎರಡೇ ಪ್ರತಿ. ನಾಯಿಯಲ್ಲಿ 4ರಿಂದ 30 ಪ್ರತಿ!

ನೀವು ಸಾಫ್ಟ್‌ವೇರ್‌ನವರು, ನಿಮಗೆ ಬೇಗ ಅರ್ಥ ಆಗುತ್ತೆ. ಲೋಡ್ ಜಾಸ್ತಿ ಆದಾಗ ಅದೇ ಸರ್ವರಿನ ಹತ್ತು ಪ್ರತಿ ಓಡಿಸ್ತೀವಲ್ಲ, ಹಾಗೆ. ರೈತರ ಅಂಗಳದಲ್ಲಿ ಗಂಜಿ, ರೊಟ್ಟಿ ಜೀರ್ಣ ಮಾಡಿಕೊಂಡ ನಾಯಿ ಉಳಿಯಿತು, ಮರಿ ಹಾಕಿತು. ಬೇಸಾಯ ಇಲ್ಲದ ಕಡೆ ಬೆಳೆದ ನಾಯಿಗಳಲ್ಲಿ, ಅಂದರೆ ಸೈಬೀರಿಯದ ಹಸ್ಕಿ, ಆಸ್ಟ್ರೇಲಿಯದ ಡಿಂಗೊ ಇಂಥವುಗಳಲ್ಲಿ, ಈ ಪ್ರತಿಗಳು ಕಡಿಮೆ. ನಿಮ್ಮ ಸೊಸೈಟಿಯಲ್ಲಿ ಎಸಿ ಹಾಕಿಕೊಂಡು ಹಸ್ಕಿ ಸಾಕಿದವರು ಯಾರಾದರೂ ಇದ್ದರೆ ಇದು ಅವರಿಗೆ ಗೊತ್ತಿರಲಿ.

ಹಾಗಾಗಿ ಮುದ್ದೆಯ ವಿಷಯದಲ್ಲಿ ಅಜ್ಜಿ ಹೇಳಿದ್ದು ಸರಿ. ಆದರೆ ಒಂದು ಮಾತು ಮರೀಬಾರದು. ಈ ಬದಲಾವಣೆ ಆಗಿದ್ದು ಪಿಷ್ಟಕ್ಕೆ ಮಾತ್ರ. ಈರುಳ್ಳಿಗೆ ಅಲ್ಲ.

ರೋಮನ್ ತೋಟದ ಹುರುಳಿ ಕಟ್ಟು

ನಾಯಿಗೆ ಏನು ಹಾಕಬೇಕು ಅಂತ ಬರೆದಿಟ್ಟ ಹಳೆಯ ಪುಸ್ತಕಗಳಲ್ಲಿ ರೋಮನ್ನರ ಬೇಸಾಯದ ಗ್ರಂಥಗಳು ಮುಖ್ಯ. ಕ್ರಿಸ್ತಪೂರ್ವ 1ನೇ ಶತಮಾನದ ವ್ಯಾರೊ, ಕಾವಲುನಾಯಿಗೆ ಬಾರ್ಲಿ ರೊಟ್ಟಿಯನ್ನು ಹಾಲಲ್ಲಿ ನೆನೆಸಿ ಕೊಡಿ ಅಂತಾನೆ. ಕ್ರಿಸ್ತಶಕ 1ನೇ ಶತಮಾನದ ಕೊಲುಮೆಲ್ಲ ಬಾರ್ಲಿ ಹಿಟ್ಟಿಗೆ ಹಾಲೊಡಕಿನ ನೀರು ಸೇರಿಸಿ ಕೊಡಿ ಅಂತಾನೆ. ಹಾಲು ಸಿಗದ ತೋಟಗಳಲ್ಲಿ ಏನು ಮಾಡೋದು? ಗೋಧಿ ರೊಟ್ಟಿಗೆ ಕಾಳು ಬೇಯಿಸಿದ ನೀರು ಕಲಸಿ, ಉಗುರು ಬೆಚ್ಚಗೆ ಇರುವಾಗ ಕೊಡಿ ಅಂತಾನೆ. ಅದು ಒಂದು ಜಾತಿಯ ಅವರೆಯಂಥ ಕಾಳು. ನಮ್ಮ ಕಡೆಯ ಹುರುಳಿ ಕಟ್ಟು ನೆನಪಾಗುತ್ತೆ ಅಲ್ವಾ!

ಇಲ್ಲಿ ಗಮನಿಸಬೇಕಾದ್ದು, ಇದು ಯಾರೋ ಉಂಡು ಉಳಿಸಿದ್ದಲ್ಲ. ಕೆಲಸ ಮಾಡೋ ನಾಯಿಗೆ ಅಂತಲೇ ಮಾಡಿದ ಊಟ. ನಮ್ಮ ಮುಧೋಳದ ಕಡೆಯೂ ಬೇಟೆನಾಯಿ ಸಾಕುವವರು ಜೋಳ, ಮೆಕ್ಕೆಜೋಳ, ಹಾಲು ಹೀಗೆ ಪ್ರತ್ಯೇಕವಾಗಿಯೇ ಹಾಕಿ ಬೆಳೆಸಿದವರು. ಕೆಲಸದ ನಾಯಿಗೆ ಬೇರೆ ಪಾತ್ರೆ, ಬೀದಿ ನಾಯಿಗೆ ಎಂಜಲು. ಈ ಎರಡು ದಾರಿ ಹಿಂದಿನಿಂದಲೂ ಇದ್ದವು.

ಆತಕೂರಿನ ಕಾಳಿ

ನಾಯಿ ಮೊದಲೋ, ಮನುಷ್ಯ ಮೊದಲೋ ಅನ್ನೋ ಪ್ರಶ್ನೆಗೆ ಕನ್ನಡದಲ್ಲೇ ಒಂದು ಕಲ್ಲು ಉತ್ತರ ಹೇಳುತ್ತೆ. ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಹೋಗಿದ್ದರೆ ನೋಡಿರುತ್ತೀರಿ. ನಾಯಿಯೂ ಕಾಡುಹಂದಿಯೂ ಕಾದಾಡುವ ಚಿತ್ರ, ಸುತ್ತ ಹಳಗನ್ನಡ ಬರಹ. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕಿದ ಶಾಸನ ಅದು, ಸುಮಾರು 949–950ರ ಕಾಲದ್ದು.

ಈಗ ಚೆನ್ನೈನಲ್ಲಿರುವ ನಮ್ಮವರಿಗೆ ಅರಕ್ಕೋಣಂ ಗೊತ್ತು. ಅದರ ಹತ್ತಿರದ ತಕ್ಕೋಲದಲ್ಲಿ ರಾಷ್ಟ್ರಕೂಟರ ಮೂರನೇ ಕೃಷ್ಣನಿಗೂ ಚೋಳರ ರಾಜಾದಿತ್ಯನಿಗೂ ಯುದ್ಧ ಆಯಿತು. ಕೃಷ್ಣನ ಕಡೆ ಗಂಗರ ಇಮ್ಮಡಿ ಬೂತುಗ ಹೋರಾಡಿದ. ಬೂತುಗನ ಕಡೆಯ ವೀರ ಮಣಲೆರ. ಇವನ ಶೌರ್ಯಕ್ಕೆ ಮೆಚ್ಚಿ ಬೂತುಗ ಏನು ಬೇಕೋ ಕೇಳು ಅಂದಾಗ ಮಣಲೆರ ಕೇಳಿದ್ದು ಊರಲ್ಲ, ಚಿನ್ನ ಅಲ್ಲ. ಕಾಳಿ ಅನ್ನೋ ನಾಯಿಯನ್ನು! ಆಮೇಲೆ ಒಂದು ಬೇಟೆಯಲ್ಲಿ ಆ ಕಾಳಿ ದೊಡ್ಡ ಹಂದಿಯೊಂದರ ಜೊತೆ ಕಾದಾಡಿ, ಹಂದಿಯನ್ನೂ ಕೊಂದು ತಾನೂ ಸತ್ತಿತು. ಮಣಲೆರ ಅದಕ್ಕೆ ಚಲ್ಲೇಶ್ವರ ದೇವಾಲಯದ ಮುಂದೆ ಕಲ್ಲು ನೆಡಿಸಿ, ಭೂಮಿ ಬಿಟ್ಟ.

ನನಗೆ ಬಹಳ ಇಷ್ಟ ಆಗೋದು ಆಮೇಲಿನ ಒಂದು ಷರತ್ತು. ಆ ಭೂಮಿ ನೋಡಿಕೊಳ್ಳುವ ಗೊರವ, ಅಂದರೆ ಪೂಜಾರಿ, ಕಾಳಿಯ ಕಲ್ಲಿಗೆ ಪೂಜೆ ಮಾಡದೆ ಊಟ ಮಾಡಿದರೆ ಅವನಿಗೆ ಪಾಪ ತಟ್ಟುತ್ತೆ ಅಂತ ಶಾಸನ ಹೇಳುತ್ತೆ. ಮೊದಲು ನಾಯಿಗೆ ಸಲ್ಲಬೇಕು, ಆಮೇಲೆ ಪೂಜಾರಿಯ ಊಟ. ಸಾವಿರ ವರ್ಷದ ಹಿಂದೆ ನಮ್ಮ ಮಂಡ್ಯದಲ್ಲಿ ಈ ಕ್ರಮ ಕಲ್ಲಿನಲ್ಲಿ ಕೊರೆಯಿಸಿದ್ದರು.

ಮುಂಬೈನ ಒಂದು ತುತ್ತು

ಇದು ಬರೀ ರಾಜರ ಬೇಟೆನಾಯಿಯ ಕಥೆ ಅಂದುಕೊಳ್ಳಬೇಡಿ. ಹಳೇ ಗೃಹಸ್ಥರ ಆಚಾರದಲ್ಲಿ ಮನೆಯವರು ಉಣ್ಣುವುದಕ್ಕೆ ಮುಂಚೆ ನಾಯಿ, ಕಾಗೆಗಳಿಗೆ ಒಂದು ಪಾಲು ಎತ್ತಿಡುವ ಪದ್ಧತಿ ಇತ್ತು. ಪಾರ್ಸಿಗಳಲ್ಲೂ ನಾಯಿಗೆ ಅಂತ ತುತ್ತು ತೆಗೆದಿಡುತ್ತಾರೆ, ಅದಕ್ಕೆ ಗುಜರಾತಿಯಲ್ಲಿ ‘ಕುತ್ರಾ ನೋ ಬುಕ್’ ಅಂತ ಹೆಸರೇ ಇದೆ. ಅವರ ಅಂತ್ಯಕ್ರಿಯೆಯಲ್ಲೂ ನಾಯಿಯ ನೋಟಕ್ಕೆ ಜಾಗ ಇದೆ.

ಈ ತುತ್ತಿನ ಹಿಂದಿನ ನಂಬಿಕೆ ಎಷ್ಟು ಗಟ್ಟಿ ಅಂತ ಬ್ರಿಟಿಷರಿಗೆ ಗೊತ್ತಾಗಿದ್ದು 1832ರ ಜೂನ್ 6ರಂದು. ಮುಂಬೈಯಲ್ಲಿ ಬೀದಿನಾಯಿಗಳನ್ನು ಕೊಂದವರಿಗೆ ಸರ್ಕಾರ ತಲಾ ಇಷ್ಟು ಅಂತ ಇನಾಮು ಕೊಡುತ್ತಿತ್ತು. ನಾಯಿ ಹಿಡಿಯುವವರು ಮನೆಗಳ ಹತ್ತಿರವೇ ಬಂದು ಹಿಡಿಯತೊಡಗಿದಾಗ ಪಾರ್ಸಿಗಳು ರೊಚ್ಚಿಗೆದ್ದರು. ಕೋಟೆ ಪ್ರದೇಶದಲ್ಲಿ ಅಂಗಡಿ ಮುಚ್ಚಿಸಿದರು. ಅದಕ್ಕೆ ಬಾಂಬೆ ನಾಯಿ ಗಲಭೆ ಅಂತಲೇ ಹೆಸರು. ಎರಡು ವರ್ಷದ ನಂತರ, 1834ರಲ್ಲಿ, ಜಮ್ಶೆಟ್‌ಜಿ ಜೀಜೀಭಾಯ್ ಮತ್ತು ಮೋತಿಚಂದ್ ಅಮಿಚಂದ್ ಮುಂದಾಳತ್ವದಲ್ಲಿ ಮುಂಬೈ ಪಾಂಜರಾಪೋಳ ಶುರುವಾಯಿತು. ಭುಲೇಶ್ವರದ ಕಡೆ ಓಡಾಡುವವರು ಈಗಲೂ ಅದರ ಬಾಗಿಲು ದಾಟಿ ಹೋಗುತ್ತಾರೆ.

ಬಿಸ್ಕತ್ತು ಬಂತು, ತುತ್ತು ಹೋಯಿತು

ಹಾಗಾದರೆ ನಾಯಿಯ ಊಟ ಅಂಗಡಿಯಲ್ಲಿ ಸಿಗೋ ವಸ್ತು ಆಗಿದ್ದು ಯಾವಾಗ? 1860ರ ದಶಕದ ಲಂಡನ್ನಿನಲ್ಲಿ. ಅಮೆರಿಕದಿಂದ ಸಿಡಿಲು ತಡೆಯೋ ಕಂಬಿ ಮಾರೋಕೆ ಬಂದಿದ್ದ ಜೇಮ್ಸ್ ಸ್ಪ್ರಾಟ್ ಅನ್ನೋ ವ್ಯಾಪಾರಿ, ಹಡಗುಕಟ್ಟೆಯಲ್ಲಿ ನಾವಿಕರು ಎಸೆದ ಗಟ್ಟಿ ಬಿಸ್ಕತ್ತನ್ನು ನಾಯಿಗಳು ತಿನ್ನೋದು ನೋಡಿದ ಅಂತ ಕಥೆ. ಅವನು ಮಾಡಿದ ನಾಯಿ ಬಿಸ್ಕತ್ತಿನಲ್ಲಿ ಗೋಧಿ, ಒಣಗಿಸಿದ ಮಾಂಸದ ಜೊತೆಗೆ ತರಕಾರಿ ಇತ್ತು, ಬೀಟ್‌ರೂಟ್ ಇತ್ತು. ನಾಯಿಗೆ ತರಕಾರಿ ಅನ್ನೋದು ಈಗಿನ ಇನ್‌ಸ್ಟಾಗ್ರಾಂ ಕಾಲದ ಫ್ಯಾಷನ್ ಅನ್ನುವವರಿಗೆ ಇದನ್ನು ಹೇಳಿ. ಕಾರ್ಖಾನೆಯಲ್ಲಿ ತಯಾರಾದ ಮೊದಮೊದಲ ನಾಯಿ ತಿಂಡಿಯಲ್ಲೇ ತರಕಾರಿ ಇತ್ತು.

ಸ್ಪ್ರಾಟ್ ಕಂಪನಿಯಲ್ಲಿ ಕೆಲಸಕ್ಕೆ ಸೇರಿದ ಹುಡುಗ ಚಾರ್ಲ್ಸ್ ಕ್ರಫ್ಟ್. 1891ರಲ್ಲಿ ಅವನು ಲಂಡನ್ನಿನಲ್ಲಿ ತನ್ನ ಹೆಸರಿನ ನಾಯಿ ಪ್ರದರ್ಶನ ನಡೆಸಿದ. ಇವತ್ತಿಗೂ ಕ್ರಫ್ಟ್ಸ್ ಅಂದರೆ ಜಗತ್ಪ್ರಸಿದ್ಧ. ತಳಿ, ಪ್ರದರ್ಶನ, ಬಿಸ್ಕತ್ತು ಮೂರೂ ಒಟ್ಟಿಗೆ ಬೆಳೆದವು. 1957ರಲ್ಲಿ ಅಮೆರಿಕದ ಪ್ಯೂರಿನಾ, ಯಂತ್ರದಲ್ಲಿ ಉಬ್ಬಿಸಿ ಒಣಗಿಸಿದ ಗುಳಿಗೆ ರೂಪದ ಆಹಾರ ತಂದಿತು. 1960ರ ದಶಕದಲ್ಲಿ ಅಲ್ಲಿನ ತಯಾರಕರು ಮನೆಯ ಊಟ ನಾಯಿಗೆ ಹಾಕಬೇಡಿ ಅಂತ ಪ್ರಚಾರ ಮಾಡಿದರು. ಅದರಲ್ಲಿ ವ್ಯಾಪಾರವೂ ಇತ್ತು, ಒಂದಿಷ್ಟು ನಿಜವೂ ಇತ್ತು. ಆ ನಿಜ ಯಾವುದು ಅಂತ ಈಗ ನೋಡೋಣ.

ವಿಷದ ಪಟ್ಟಿಗೂ ವಯಸ್ಸಿದೆ

ಈರುಳ್ಳಿ ನಾಯಿಗೆ ಆಗದು ಅಂತ ಮನುಷ್ಯನಿಗೆ ಯಾವಾಗ ಗೊತ್ತಾಯಿತು? 1930ರಲ್ಲಿ. ಅಮೆರಿಕದ ಸಾರ್ವಜನಿಕ ಆರೋಗ್ಯ ಸೇವೆಯ ಸೆಬ್ರೆಲ್ ಅನ್ನೋ ವೈದ್ಯ ವಿಜ್ಞಾನಿ, ಈರುಳ್ಳಿ ತಿನ್ನಿಸಿದ ನಾಯಿಗಳಲ್ಲಿ ರಕ್ತಹೀನತೆ ಬರೋದನ್ನು ದಾಖಲಿಸಿದರು. ಈರುಳ್ಳಿ, ಬೆಳ್ಳುಳ್ಳಿ, ಈರುಳ್ಳಿ ಸೊಪ್ಪು ಇವುಗಳಲ್ಲಿರುವ ಗಂಧಕದ ಸಂಯುಕ್ತಗಳು ನಾಯಿಯ ಕೆಂಪು ರಕ್ತಕಣವನ್ನು ಹಾಳು ಮಾಡುತ್ತವೆ. ಕಣ ಒಡೆಯುತ್ತೆ, ಮೂತ್ರ ಕಂದಾಗುತ್ತೆ. ಬೇಯಿಸಿದರೂ, ಒಣಗಿಸಿ ಪುಡಿ ಮಾಡಿದರೂ ವಿಷ ಹೋಗಲ್ಲ. ದೇಹದ ತೂಕದ ಶೇ. 0.5ಕ್ಕಿಂತ ಹೆಚ್ಚು ಈರುಳ್ಳಿ ಒಂದೇ ಸಲ ಹೊಟ್ಟೆಗೆ ಹೋದರೆ ಅಪಾಯ ಅನ್ನೋದು ಪಶುವೈದ್ಯರ ಲೆಕ್ಕ. 14 ಕೆಜಿಯ ಗುಂಡನಿಗೆ ಅದು 70 ಗ್ರಾಂ. ಒಂದು ಮಧ್ಯಮ ಗಾತ್ರದ ಈರುಳ್ಳಿ ಅಷ್ಟೆ. ಸ್ವಲ್ಪ ಸ್ವಲ್ಪವೇ ಹಲವು ದಿನ ತಿಂದರೂ ಹಾನಿ ಸೇರಿಕೊಳ್ಳುತ್ತಾ ಹೋಗುತ್ತೆ. ಲಕ್ಷಣ ಕಾಣಿಸೋಕೆ ಕೆಲವು ದಿನ ಬೇಕು. ಶನಿವಾರದ ಸಾಂಬಾರ್ ಬುಧವಾರ ಹೊಡೆದದ್ದು ಅದಕ್ಕೇ.

ಇನ್ನು ದ್ರಾಕ್ಷಿ. ದ್ರಾಕ್ಷಿ, ಒಣದ್ರಾಕ್ಷಿ ತಿಂದ ನಾಯಿಗಳ ಮೂತ್ರಪಿಂಡ ಕೈಕೊಡುತ್ತೆ ಅಂತ ವಿಷವೈದ್ಯರು ಎಚ್ಚರಿಸಿದ್ದು 2001ರಲ್ಲಿ. ನಾವು ಆಗಲೇ ವೈ2ಕೆ ಮುಗಿಸಿದ್ದೆವು! ಕಾರಣ ಟಾರ್ಟಾರಿಕ್ ಆಮ್ಲ ಇರಬಹುದು ಅನ್ನೋ ವಾದ ಬಂದದ್ದು 2021ರಲ್ಲಿ. ಮರುವರ್ಷ, ಹುಣಸೆಹಣ್ಣು ತಿಂದ ನಾಯಿಗಳಿಗೂ ಅದೇ ತೊಂದರೆ ಆದ ಪ್ರಕರಣಗಳು ಪ್ರಕಟವಾದವು. ಹುಣಸೆಯಲ್ಲೂ ಅದೇ ಆಮ್ಲ. ಸಾಂಬಾರ್, ಹುಳಿ, ಪುಳಿಯೋಗರೆ, ಗೊಜ್ಜು ಇವೆಲ್ಲ ನಮಗೆ ಪ್ರಾಣ. ನಾಯಿಗೆ ಬೇಡ.

ಈಗ ಅಜ್ಜಿಯ ಕರಿಯನ ವಿಷಯಕ್ಕೆ ಬರೋಣ. ಆಮೇಲೊಂದು ದಿನ ಸಮಾಧಾನವಾಗಿ ಕೇಳಿದೆ. ಕರಿಯನಿಗೆ ಹಾಕುತ್ತಿದ್ದದ್ದು ಬಹುಪಾಲು ಬರೀ ಮುದ್ದೆ, ಮೇಲೆ ಒಂದು ಸೌಟು ಸೊಪ್ಪಿನ ಸಾರು. ಅಷ್ಟು ಜನರ ಸಾರಿಗೆ ಒಂದೋ ಎರಡೋ ಈರುಳ್ಳಿ. ಕರಿಯನ ಪಾಲಿಗೆ ಬಂದದ್ದು ಒಂದು ಎಸಳೂ ಇರಲಿಕ್ಕಿಲ್ಲ. ನಾನು ಹಾಕಿದ್ದು ಈರುಳ್ಳಿಯೇ ತರಕಾರಿಯಾಗಿರೋ ಸಾಂಬಾರು, ಮೂರು ದಿನ. ಇದು ಒಂದು ಕಾರಣ.

ಇನ್ನೊಂದನ್ನು ಅಜ್ಜಿಯೇ ಹೇಳಿದರು. ಕರಿಯನಿಗೆ ಮುಂಚೆ ಯಾವ ನಾಯಿ ಇತ್ತು ಅಂದೆ. ಸ್ವಲ್ಪ ಯೋಚಿಸಿ, “ಒಂದು ಕೆಂದ ಇತ್ತು. ಒಂದ್ ಮದುವೆ ಆದ್ಮೇಲೆ ಮಂಕಾಗಿ ಮಲಗ್ತು, ಎದ್ದೇಳಲಿಲ್ಲ. ಯಾರೋ ಏನೋ ಹಾಕಿದ್ರು ಅಂದ್ಕೊಂಡ್ವಿ” ಅಂದರು. ಕೆಂದನಿಗೆ ಏನಾಗಿತ್ತೋ, ಯಾವ ರಕ್ತ ಪರೀಕ್ಷೆಯೂ ಆಗಲಿಲ್ಲ. ಹನ್ನೆರಡು ವರ್ಷ ಬದುಕಿದ ನಾಯಿ ಕಥೆಯಾಗಿ ಉಳಿಯುತ್ತೆ, ಮಂಕಾಗಿ ಮಲಗಿದ ನಾಯಿ ಮರೆತು ಹೋಗುತ್ತೆ. ‘ನಮ್ಮ ಕಾಲದಲ್ಲಿ ಏನೂ ಆಗ್ತಿರಲಿಲ್ಲ’ ಅನ್ನೋ ಮಾತನ್ನು ಇತಿಹಾಸದಲ್ಲಿ ಹುಷಾರಾಗಿ ತಗೋಬೇಕು ಅನ್ನೋದು ಇದಕ್ಕೇ.

ಒಗ್ಗರಣೆಗೆ ಮುಂಚೆ

ಕೊನೆಗೆ ಉಪಯೋಗಕ್ಕೆ ಬರೋ ಮಾತು. ತರಕಾರಿ ನಾಯಿಗೆ ಊಟ ಅಲ್ಲ, ಮೇಲಿನ ತಿಂಡಿ. ದಿನದ ಒಟ್ಟು ಆಹಾರದ ಕ್ಯಾಲೊರಿಯಲ್ಲಿ ಇಂಥ ತಿಂಡಿಗಳೆಲ್ಲ ಸೇರಿ ಶೇ. 10 ಮೀರಬಾರದು ಅನ್ನೋದು ಪಶುವೈದ್ಯರ ಸಾಮಾನ್ಯ ಸಲಹೆ.

ಕೊಡಬಹುದಾದವು: ಕ್ಯಾರೆಟ್, ಹುರುಳಿಕಾಯಿ ಅಂದರೆ ಬೀನ್ಸ್, ಸೌತೆಕಾಯಿ, ಹಸಿ ಬಟಾಣಿ, ಬೇಯಿಸಿದ ಸಿಹಿಕುಂಬಳ, ಬೇಯಿಸಿದ ಗೆಣಸು, ಸ್ವಲ್ಪ ಬೀಟ್‌ರೂಟ್. ಬೀಟ್‌ರೂಟ್ ಕೊಟ್ಟ ಮರುದಿನ ಮಲ ಕೆಂಪಾದರೆ ಗಾಬರಿ ಬೇಡ. ಚೆನ್ನಾಗಿ ತೊಳೆದು, ಗಂಟಲಲ್ಲಿ ಸಿಕ್ಕದ ಹಾಗೆ ಸಣ್ಣಗೆ ಹೆಚ್ಚಿ. ಗಟ್ಟಿ ತರಕಾರಿಯನ್ನು ಬೇಯಿಸಿ ಕೊಟ್ಟರೆ ಜೀರ್ಣಕ್ಕೆ ಸುಲಭ. ಹೊಸದನ್ನು ಒಂದು ಸಲಕ್ಕೆ ಒಂದೇ, ಒಂದೆರಡು ತುಂಡು ಕೊಟ್ಟು ಮರುದಿನ ಹೊಟ್ಟೆ ಹೇಗಿದೆ ನೋಡಿ. ಮಧುಮೇಹ, ಮೂತ್ರಪಿಂಡದ ತೊಂದರೆ ಇರುವ ನಾಯಿಯಾದರೆ ಮೊದಲು ವೈದ್ಯರನ್ನು ಕೇಳಿ.

ಕೊಡಬಾರದವು: ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಒಣದ್ರಾಕ್ಷಿ, ಹುಣಸೆ. ಹಸಿರು ತಿರುಗಿದ ಅಥವಾ ಮೊಳಕೆ ಬಂದ ಆಲೂಗಡ್ಡೆ, ಟೊಮೆಟೊ ಕಾಯಿ ಮತ್ತು ಗಿಡ, ಕಾಡು ಅಣಬೆ. ಮೆಕ್ಕೆಜೋಳದ ದಿಂಡು ಕರುಳಲ್ಲಿ ಸಿಕ್ಕಿಕೊಂಡು ಶಸ್ತ್ರಚಿಕಿತ್ಸೆಗೆ ಹೋದ ನಾಯಿಗಳಿವೆ. ಚಾಕೊಲೇಟ್ ಬೇಡ. ಶುಗರ್‌ಫ್ರೀ ತಿಂಡಿಗಳಲ್ಲಿ ಹಾಕೋ ಜೈಲಿಟಾಲ್ ಅಂತೂ ಬಹಳ ಅಪಾಯ. ಬೇಡದ್ದು ತಿಂದಿದೆ ಅಂತ ಗೊತ್ತಾದರೆ ಲಕ್ಷಣಕ್ಕೆ ಕಾಯಬೇಡಿ, ಆಗಲೇ ಫೋನ್ ಮಾಡಿ.

ಇಷ್ಟು ಪಟ್ಟಿ ನೆನಪಿಡೋದು ಕಷ್ಟ ಅನ್ನಿಸಿದರೆ ನಮ್ಮ ಅಡುಗೆಮನೆಗೆ ಹೊಂದುವ ಒಂದು ಸೂತ್ರ ಇದೆ. ನಾಯಿಗೆ ಆಗದ್ದು ಬಹಳಷ್ಟು ನಮ್ಮ ಪಾತ್ರೆಗೆ ಬೀಳೋದು ಕಡೆಯ ಹಂತದಲ್ಲಿ: ಉಪ್ಪು, ಖಾರ, ಹುಳಿ, ಒಗ್ಗರಣೆ. ಊಟ ಮುಗಿದ ಮೇಲೆ ಉಳಿದದ್ದರಲ್ಲಿ ಅದೆಲ್ಲ ಸೇರಿರುತ್ತೆ. ಪಾಲು ಕೊಡೋದಾದರೆ ಮೊದಲೇ ಎತ್ತಿಡಿ. ಆತಕೂರಿನ ಗೊರವನಿಗೆ ಹೇಳಿದ ಕ್ರಮ, ಪಾರ್ಸಿ ಮನೆಯ ತುತ್ತಿನ ಕ್ರಮ ಅದೇ. ಅವರ ಕಾರಣ ಬೇರೆ, ನಮ್ಮ ಕಾರಣ ಬೇರೆ.

ಈಗ ನಮ್ಮ ಮನೆಯಲ್ಲಿ ಪಲ್ಯಕ್ಕೆ ಬೀನ್ಸ್ ಬೆಂದ ತಕ್ಷಣ ಒಂದು ಸಣ್ಣ ಬಟ್ಟಲು ಪಕ್ಕಕ್ಕೆ ಹೋಗುತ್ತೆ. ಬಾಣಲೆಗೆ ಎಣ್ಣೆ ಬೀಳೋದು ಆಮೇಲೆ. ಮೊನ್ನೆ ವಿಡಿಯೊ ಕಾಲ್‌ನಲ್ಲಿ ಅಜ್ಜಿ ನೋಡಿ ಕೇಳಿದರು, “ಅದ್ಯಾರಿಗೆ ಎತ್ತಿಡ್ತಿದ್ದೀಯೋ, ದೇವ್ರಿಗಾ?” ಗುಂಡನಿಗೆ ಅಂದೆ. ನಕ್ಕರು. ಆಮೇಲೆ ಒಂದು ಕ್ಷಣ ಬಿಟ್ಟು, “ಕೆಂದಂಗೂ ಹಿಂಗೇ ಹಾಕಿದ್ರೆ ಉಳೀತಿತ್ತೇನೋ” ಅಂದರು.